ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ವಿಮಾನಗಳ ನೆನಪು

ಪ್ರಶ್ನೆ: ತೊಂಬತ್ತು ದಾಟಿರುವ ನಮ್ಮ ತಂದೆಯವರು 1950ರ ದಶಕದ ಕೊನೆಯಲ್ಲಿ ಹತ್ತಿ ವ್ಯಾಪಾರದ ನಿಮಿತ್ತ ಬೆಂಗಳೂರಿನಿಂದ ಹೈದರಾಬಾದಿಗೆ ವಿಮಾನದಲ್ಲಿ ಹೋಗಿದ್ದರು. ಒಳಗೆ ದಿಬ್ಬ ಹತ್ತಿದಂತೆ ನಡೆದು ಸೀಟು ಸೇರಬೇಕಾಗಿತ್ತು, ಎಂಜಿನ್ ಹೊತ್ತಿಕೊಂಡಾಗ ದಟ್ಟ ಹೊಗೆ ಎದ್ದಿತು, ಕಿವಿಗೆ ಹತ್ತಿ ಮತ್ತು ಬಾಯಿಗೆ ಪೆಪ್ಪರಮಿಂಟು ಕೊಟ್ಟರು ಎನ್ನುತ್ತಾರೆ. ಮೊಮ್ಮಕ್ಕಳು ಇದನ್ನು ಕಟ್ಟುಕತೆ ಎನ್ನುತ್ತಾರೆ. ಇದು ನಿಜವಿರಬಹುದೇ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ತಂದೆಯವರ ಒಂದೊಂದು ಮಾತೂ ನಂಬಲರ್ಹವಾಗಿದೆ. ಅವರು ಹೇಳುತ್ತಿರುವುದು ನಮ್ಮಲ್ಲಿ ಡಕೋಟಾ ಎಂದೇ ಹೆಸರಾದ ಡಗ್ಲಸ್ ಡಿಸಿ-3 ವಿಮಾನದ ಲಕ್ಷಣಗಳನ್ನು. ಅದರ ಎರಡು ದೊಡ್ಡ ಚಕ್ರಗಳು ರೆಕ್ಕೆಗಳ ಕೆಳಗೂ ಮೂರನೆಯ ಸಣ್ಣ ಚಕ್ರವು ಬಾಲದ ತುದಿಯಲ್ಲೂ ಇರುವುದರಿಂದ, ನಿಂತಿರುವಾಗ ಮೂತಿ ಮೇಲಕ್ಕೆತ್ತಿ ಬಾಲ ನೆಲದತ್ತ ಬಾಗಿರುತ್ತದೆ. ಬಾಗಿಲು ಹಿಂಭಾಗದಲ್ಲಿದ್ದ ಕಾರಣ ಮುಂದಿನ ಸೀಟಿನವರು ಏರು ಹತ್ತಲೇಬೇಕಾಗಿತ್ತು.

ಹೊಗೆಗೂ ಸ್ಪಷ್ಟ ಕಾರಣವಿದೆ. ಡಕೋಟಾದ ಪ್ರತಿ ಎಂಜಿನ್ನಿನಲ್ಲಿ 14 ಸಿಲಿಂಡರುಗಳು ವೃತ್ತಾಕಾರವಾಗಿ ಜೋಡಣೆಗೊಂಡಿರುತ್ತವೆ. ಎಂಜಿನ್ ನಿಂತಿರುವಾಗ ಎಣ್ಣೆಯು ಕೆಳಗಿನ ಸಿಲಿಂಡರುಗಳಿಗೆ ಜಿನುಗಿ ಶೇಖರವಾಗಿ, ಮತ್ತೆ ಚಾಲನೆ ಕೊಟ್ಟಾಗ ಸುಟ್ಟು ಬೂದುಬಣ್ಣದ ಹೊಗೆಯಾಗಿ ಹೊರಬರುತ್ತದೆ. ಬಹಳ ಹೊತ್ತು ನಿಂತ ಎಂಜಿನ್ನಿಗೆ ಚಾಲನೆ ಕೊಡುವ ಮೊದಲು ಸಿಬ್ಬಂದಿಯವರು ಪ್ರೊಪೆಲ್ಲರನ್ನು ಕೈಯಿಂದಲೇ ಕೆಲವು ಸುತ್ತು ತಿರುಗಿಸುತ್ತಿದ್ದುದು ಈ ಎಣ್ಣೆಯ ಸಲುವಾಗಿಯೇ. ತಂದೆಯವರು ಅದನ್ನೂ ಕಂಡಿದ್ದರೇ ಎಂದು ಕೇಳಿ ನೋಡಿ. ಇನ್ನು ಹತ್ತಿಯು ತಲಾ 1,200 ಅಶ್ವಶಕ್ತಿಯ ಎರಡು ಎಂಜಿನ್ನುಗಳ ಸದ್ದಿಗೆ; ಪೆಪ್ಪರಮಿಂಟು ಕಿವಿಯ ನೋವಿಗೆ. ಒಳಗಿನ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಆ ವಿಮಾನದಲ್ಲಿ ಇರಲಿಲ್ಲವಾದ್ದರಿಂದ, ಏರುವಾಗ ಮತ್ತು ಇಳಿಯುವಾಗ ಉಗುಳು ನುಂಗುತ್ತಿದ್ದರೆ ಮಾತ್ರ ಕಿವಿಗಳಿಗೆ ಆರಾಮವಾಗುತ್ತಿತ್ತು. ಎತ್ತರಕ್ಕೆ ಹೋಗಿ ಮೋಡಗಳನ್ನು ದಾಟಲಾಗದೆ ಬಿಸಿಲು ನಾಡಿನ ಮಧ್ಯಾಹ್ನದ ಗಾಳಿಯಲ್ಲಿ ಅದು ಬಹಳ ಕುಲುಕಾಡುತ್ತಿತ್ತು.

ಕಾಲವೂ ಹೊಂದಿಕೆಯಾಗುತ್ತದೆ. 1935ರ ಡಿಸೆಂಬರ್ 17ರಂದು ಮೊದಲ ಬಾರಿ ಹಾರಿದ ಈ ವಿಮಾನದ ಸೇನಾ ರೂಪಗಳು ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ತಯಾರಾದವು. ಯುದ್ಧ ಮುಗಿದ ಮೇಲೆ ಅಗ್ಗವಾಗಿ ದೊರೆತ ಅವುಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್‌ ಕಾರ್ಖಾನೆಯಲ್ಲಿಯೇ ಪ್ರಯಾಣಿಕರಿಗೆ ತಕ್ಕಂತೆ ಮಾರ್ಪಡಿಸಲಾಯಿತು. 1953ರ ಆಗಸ್ಟ್ 1ರಂದು ಖಾಸಗಿ ಕಂಪನಿಗಳು ಒಂದಾಗಿ ಇಂಡಿಯನ್ ಏರ್‌ಲೈನ್ಸ್ ಕಾರ್ಯಾರಂಭ ಮಾಡಿದಾಗ ಅದರ ಪಾಲಿಗೆ ಬಂದ ವಿಮಾನಗಳಲ್ಲಿ ಬಹುಪಾಲು ಡಕೋಟಾಗಳೇ ಆಗಿದ್ದವು. ವಿಮಾನದ ಅಳತೆ, ತೂಕಗಳು ಪುಸ್ತಕಗಳಲ್ಲಿ ಸಿಗುತ್ತವೆ. ನಮ್ಮ ಊರಿನ ವ್ಯಾಪಾರಿಯೊಬ್ಬರು ಅದರಲ್ಲಿ ಕುಳಿತು ಏನನ್ನು ಕಂಡರೆಂಬುದು ಸಿಗುವುದಿಲ್ಲ. ಆದ್ದರಿಂದ ಮೊಮ್ಮಕ್ಕಳನ್ನೇ ಪಕ್ಕದಲ್ಲಿ ಕೂರಿಸಿ, ತಂದೆಯವರ ಮಾತನ್ನು ಅವರ ಧ್ವನಿಯಲ್ಲಿಯೇ ಮೊಬೈಲಿನಲ್ಲಿ ದಾಖಲಿಸಿಕೊಳ್ಳಿರೆಂದು ಕಳಕಳಿಯಿಂದ ಕೋರುತ್ತೇವೆ.

ಪ್ರಶ್ನೆ: 1960ರ ದಶಕದಲ್ಲಿ ಶಾಲಾ ಬಾಲಕನಾಗಿದ್ದಾಗ ಕೋಟೆಯ ಮೇಲಿನಿಂದ ಸಿಳ್ಳೆಯಂತಹ ಸದ್ದು ಮಾಡುತ್ತ ಹೋಗುವ ಪ್ರೊಪೆಲ್ಲರ್ ವಿಮಾನಗಳನ್ನು ನೋಡುತ್ತಿದ್ದೆ. ಅವು ಯಾವುವು?
– ಓದುಗರು, ಚಿತ್ರದುರ್ಗ

ಉತ್ತರ: ನಕ್ಷೆಯ ಮೇಲೆ ಬೆಂಗಳೂರಿನಿಂದ ಮುಂಬಯಿಗೆ ನೇರ ಗೆರೆ ಎಳೆದರೆ ಅದು ಚಿತ್ರದುರ್ಗದ ಸಮೀಪದಲ್ಲಿಯೇ ಹಾದುಹೋಗುತ್ತದೆ, ಆದ್ದರಿಂದ ನೀವು ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಸದ್ದೊಂದರಿಂದಲೇ ವಿಮಾನವನ್ನು ಗುರುತಿಸಲಾಗದು. ಇಂಡಿಯನ್ ಏರ್‌ಲೈನ್ಸ್ 1957ರಿಂದ ಬಳಸಿದ ವೈಕೌಂಟ್, 1961ರಿಂದ ಬಳಸಿದ ಫಾಕರ್ ಫ್ರೆಂಡ್‌ಶಿಪ್, ಎಚ್‌ಎಎಲ್‌ನ ಕಾನ್ಪುರ ಘಟಕದಲ್ಲಿ ತಯಾರಾದ ಆವ್ರೋ ಈ ಮೂರಕ್ಕೂ ಇದ್ದುದು ರೋಲ್ಸ್ ರಾಯ್ಸ್ ಸಂಸ್ಥೆಯ ಡಾರ್ಟ್ ಎಂಬ ಒಂದೇ ಬಗೆಯ ಟರ್ಬೊಪ್ರಾಪ್ ಎಂಜಿನ್, ಅಂದರೆ ಜೆಟ್ ಮಾದರಿಯ ಟರ್ಬೈನಿನಿಂದ ಪ್ರೊಪೆಲ್ಲರನ್ನು ತಿರುಗಿಸುವ ಎಂಜಿನ್. ಅದರ ತೀಕ್ಷ್ಣವಾದ ಸಿಳ್ಳೆ ಒಮ್ಮೆ ಕೇಳಿದವರಿಗೆ ಮರೆಯುವುದಿಲ್ಲ. ನೀವು ಕಂಡದ್ದಕ್ಕೆ ನಾಲ್ಕು ಎಂಜಿನ್ನುಗಳಿದ್ದರೆ ಅದು ವೈಕೌಂಟ್. ಎರಡೇ ಇದ್ದು, ರೆಕ್ಕೆಯು ಒಡಲಿನ ನೆತ್ತಿಯ ಮೇಲಿದ್ದರೆ ಫ್ರೆಂಡ್‌ಶಿಪ್, ಒಡಲಿನ ಕೆಳಭಾಗದಲ್ಲಿದ್ದರೆ ಆವ್ರೋ.

ಪ್ರಶ್ನೆ: ಡಕೋಟಾವನ್ನು ಈಗ ಎಲ್ಲಿ ನೋಡಬಹುದು?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಒಂದಿದೆ. ಬಿಜು ಪಟ್ನಾಯಕ್ ಅವರ ಕಳಿಂಗ ಏರ್‌ಲೈನ್ಸ್‌ಗೆ ಸೇರಿದ್ದ ಇನ್ನೊಂದನ್ನು 2023ರಲ್ಲಿ ಕೋಲ್ಕತ್ತದಿಂದ ಭುವನೇಶ್ವರಕ್ಕೆ ತರಲಾಯಿತು. ಹಾರುವ ಡಕೋಟಾವನ್ನೇ ಕಾಣಬೇಕೆಂದರೆ, ಬ್ರಿಟನ್ನಿನಲ್ಲಿ ದುರಸ್ತಿಗೊಂಡು 2018ರಲ್ಲಿ ವಾಯುಪಡೆಯ ಕೈಸೇರಿದ ‘ಪರಶುರಾಮ’ ಇದೆ. ಇದು ವಾಯುಪಡೆಯ ಸಮಾರಂಭಗಳಲ್ಲಿ ಹಾರಾಟ ನಡೆಸುತ್ತದೆ.