ಬಾರ್ನಕಲ್‌ಗಳು ಬಂಡೆಯ ಮೇಲೆ ಗುಂಪಾಗಿರುತ್ತವೆಯೇ, ಅಂತರ ಕಾಯ್ದುಕೊಳ್ಳುತ್ತವೆಯೇ?

ಉಬ್ಬರವಿಳಿತದ ದಡದಲ್ಲಿ ಬಾರ್ನಕಲ್‌ಗಳು (ಬಂಡೆಗೆ ಅಂಟಿಕೊಂಡು ಬದುಕುವ ಚಿಪ್ಪಿನ ಪುಟ್ಟ ಸಮುದ್ರಜೀವಿಗಳು) ಗುಂಪುಗುಂಪಾಗಿರುತ್ತವೆಯೇ, ಸಮ ಅಂತರದಲ್ಲಿರುತ್ತವೆಯೇ ಅಥವಾ ಎಲ್ಲೆಂದರಲ್ಲಿ ಅಂಟಿಕೊಂಡಿರುತ್ತವೆಯೇ ಎಂದು ಕೇಳಿದ್ದೀರಿ. ಎಷ್ಟು ಹತ್ತಿರದಿಂದ ನೋಡುತ್ತೀರಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದೆ ಇದಕ್ಕೆ ಉತ್ತರವಿಲ್ಲ ಎಂದೇ ನಾನು ಭಾವಿಸುತ್ತೇನೆ.

ಇಡೀ ದಡವನ್ನು ನೋಡಿದರೆ ಕಾಣುವುದು ಎತ್ತರಕ್ಕೆ ತಕ್ಕಂತೆ ಒಂದರ ಮೇಲೊಂದಿರುವ ಪಟ್ಟಿಗಳು. ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ಅವರು ಸ್ಕಾಟ್ಲೆಂಡಿನ ದಡದಲ್ಲಿ ಪ್ರಯೋಗ ನಡೆಸಿ 1961ರಲ್ಲಿ ತೋರಿಸಿಕೊಟ್ಟಂತೆ, ಮೇಲಿನ ಪಟ್ಟಿಯ ಥಮಾಲಸ್ ಎಂಬ ಬಾರ್ನಕಲ್ ಕೆಳಗೂ ಬದುಕಬಲ್ಲದು. ಆದರೆ ಕೆಳಗಿನ ಪಟ್ಟಿಯ, ಬೇಗ ಬೆಳೆಯುವ ಸೆಮಿಬ್ಯಾಲನಸ್ ಎಂಬ ಇನ್ನೊಂದು ಬಾರ್ನಕಲ್ ಅದನ್ನು ಮುಚ್ಚಿ, ಬುಡದಿಂದ ಎಬ್ಬಿಸಿ ಅಥವಾ ಒತ್ತಿ ಕೊಲ್ಲುತ್ತದೆ. ಸೆಮಿಬ್ಯಾಲನಸ್‌ಗೆ ಬಿಸಿಲು ಮತ್ತು ಒಣಗುವಿಕೆ ಮೇಲಿನ ಎಲ್ಲೆಯನ್ನು ಹಾಕುತ್ತವೆ.

ಒಂದೇ ಪಟ್ಟಿಯೊಳಗೆ ಹೋದರೆ ಚಿತ್ರ ಬದಲಾಗುತ್ತದೆ, ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ಸೈಪ್ರಿಡ್ ಎಂಬ, ಬಾರ್ನಕಲ್‌ನ ಕೊನೆಯ ಹಂತದ ಈಜುವ ಮರಿ (ಲಾರ್ವಾ) ಆಹಾರವನ್ನೇ ಸೇವಿಸುವುದಿಲ್ಲ. ಕೂಡಿಟ್ಟ ಶಕ್ತಿ ಮುಗಿಯುವುದರೊಳಗೆ ಅದು ಜಾಗ ಹುಡುಕಿಕೊಳ್ಳಬೇಕು. ತನ್ನೆರಡು ಮೀಸೆಗಳನ್ನು ಒಂದಾದಮೇಲೊಂದರಂತೆ ಊರುತ್ತಾ ಬಂಡೆಯ ಮೇಲೆ ನಡೆದು, ಬಿರುಕುಗಳನ್ನೂ ಸ್ವಜಾತಿಯವು ಬಿಟ್ಟ ಪ್ರೋಟೀನ್ ಗುರುತನ್ನೂ ಪರೀಕ್ಷಿಸಿ, ಬೆಳೆದ ಬಾರ್ನಕಲ್‌ಗಳ ಸಮೀಪವೇ ಅಂಟಿಕೊಳ್ಳಲು ಒಲವು ತೋರುತ್ತದೆ. ಇದಕ್ಕೆ ಬಲವಾದ ಕಾರಣವಿದೆ: ಒಮ್ಮೆ ಅಂಟಿದ ಜೀವಿ ಮತ್ತೆ ಕದಲುವಂತಿಲ್ಲ, ಹೆಚ್ಚಿನವು ದ್ವಿಲಿಂಗಿಗಳಾದರೂ ಸಾಮಾನ್ಯವಾಗಿ ನೆರೆಯದರೊಡನೆಯೇ ಕೂಡಬೇಕು, ಆ ನೆರೆಯದು ಅದರ ಶಿಶ್ನ ಚಾಚುವಷ್ಟು ದೂರದೊಳಗಿರಬೇಕು. ಹೀಗೆ ಗುಂಪು ಕಟ್ಟಿದರೂ, ಬೆಳೆಯಲು ಎಡೆ ಬೇಕಾದ್ದರಿಂದ ಸೈಪ್ರಿಡ್ ಪಕ್ಕದ್ದರಿಂದ ತುಸು ಅಂತರ ಬಿಡುತ್ತದೆ. ಆದ್ದರಿಂದ ಅಂಗೈಯಗಲದ ಜಾಗದಲ್ಲಿ ಗುಂಪು ಕಾಣಬಹುದು, ಮಿಲಿಮೀಟರುಗಳ ಅಳತೆಯಲ್ಲಿ ಕ್ರಮಬದ್ಧತೆ ಕಾಣಬಹುದು.

ಅಳೆಯುವುದಾದರೆ ಬಂಡೆಯ ಮೇಲೆ ಒಂದೇ ಗಾತ್ರದ ಚೌಕಟ್ಟುಗಳನ್ನಿಟ್ಟು ಪ್ರತಿಯೊಂದರೊಳಗಿನ ಬಾರ್ನಕಲ್‌ಗಳನ್ನು ಎಣಿಸಿ, ಎಣಿಕೆಗಳ ವೇರಿಯನ್ಸನ್ನು (ಪ್ರತಿ ಎಣಿಕೆ ಸರಾಸರಿಯಿಂದ ಎಷ್ಟು ದೂರವಿದೆ ಎಂಬುದರ ವರ್ಗಗಳ ಸರಾಸರಿ) ಸರಾಸರಿ ಎಣಿಕೆಯಿಂದ ಭಾಗಿಸಿ. ಫಲ 1ರ ಆಸುಪಾಸಿನಲ್ಲಿದ್ದರೆ ಹರಡಿಕೆ ಯಾದೃಚ್ಛಿಕ (ಎಲ್ಲೆಂದರಲ್ಲಿ), ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಗುಂಪು, ಕಡಿಮೆಯಿದ್ದರೆ ಕ್ರಮಬದ್ಧ. ಎರಡು ಪಟ್ಟಿಗಳ ಚೌಕಟ್ಟುಗಳನ್ನು ದಯವಿಟ್ಟು ಒಟ್ಟುಗೂಡಿಸಬೇಡಿ. ಎತ್ತರದ ವ್ಯತ್ಯಾಸವೇ ಆಗ ಗುಂಪಿನಂತೆ ತೋರುತ್ತದೆ. ಚೌಕಟ್ಟಿನ ಗಾತ್ರವನ್ನೂ ಬದಲಿಸಿ ನೋಡಿ. ಅತಿ ಸಮೀಪದ ನೆರೆಯವುಗಳ ದೂರವನ್ನು ಕೇಂದ್ರದಿಂದ ಕೇಂದ್ರಕ್ಕೆ ಅಳೆಯುವಾಗ, ಎರಡು ಚಿಪ್ಪುಗಳು ಒಂದೇ ಜಾಗದಲ್ಲಿ ಕೂರಲಾರವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲವಾದರೆ ದೇಹದ ಗಾತ್ರದಿಂದಷ್ಟೇ ಉಂಟಾದ ಅಂತರವನ್ನು ಲಾರ್ವಾದ ಆಯ್ಕೆ ಎಂದು ತಪ್ಪು ತಿಳಿಯುತ್ತೀರಿ.