ಪ್ರತಿಕ್ರಿಯೆ: ಬಜೆಟ್ ನಿರ್ದೇಶಕರಿಗೆ ಸೆನೆಟ್ ಒಪ್ಪಿಗೆ ಬೇಕು, ಚೀಫ್ ಆಫ್ ಸ್ಟಾಫ್‌ಗೆ ಯಾಕೆ ಬೇಡ?

ನೀವು ಕೇಳಿದ ವ್ಯತ್ಯಾಸಕ್ಕೆ ಕಾರಣ ಹುದ್ದೆಯ ದೊಡ್ಡಸ್ತಿಕೆಯಲ್ಲ, ಅದರ ಕೈಯಲ್ಲಿರುವ ಕಾನೂನಿನ ಅಧಿಕಾರ. ಚೀಫ್ ಆಫ್ ಸ್ಟಾಫ್ ಅಮೆರಿಕದ ಅಧ್ಯಕ್ಷರ ಆಪ್ತ ಸಹಾಯಕರು. ಯಾರು ಒಳಗೆ ಬರಬೇಕು, ಯಾವ ಕಡತ ಮೇಜಿಗೆ ಹೋಗಬೇಕು ಎಂದು ನೋಡಿಕೊಳ್ಳುತ್ತಾರೆ. ಸ್ವಂತ ಆದೇಶ ಹೊರಡಿಸುವಂತಿಲ್ಲ. ರಾಷ್ಟ್ರೀಯ ಭದ್ರತಾ ಸಲಹೆಗಾರರದೂ ಇದೇ ಕಥೆ.

ಬಜೆಟ್ ಕಚೇರಿ ಹಾಗಲ್ಲ. 1921ರಲ್ಲಿ ಖಜಾನೆ ಇಲಾಖೆಯೊಳಗೆ ಹುಟ್ಟಿ, 1939ರಲ್ಲಿ ಅಧ್ಯಕ್ಷರ ಕಾರ್ಯಾಲಯಕ್ಕೆ ಬಂದು, 1970ರಲ್ಲಿ ಈಗಿನ ಒಎಂಬಿ (ನಿರ್ವಹಣೆ ಮತ್ತು ಬಜೆಟ್ ಕಚೇರಿ) ಆಯಿತು. ಇಲಾಖೆಗಳಿಗೆ ಮಂಜೂರಾದ ಹಣವನ್ನು ಕಂತುಗಳಲ್ಲಿ ಬಿಡುವುದು ಅದೇ. ಅಧ್ಯಕ್ಷ ನಿಕ್ಸನ್ ಕಾಲದಲ್ಲಿ ಹಣ ತಡೆಹಿಡಿದು ಜಗಳವಾದ ಮೇಲೆ, 1974ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್, ನಿರ್ದೇಶಕರ ನೇಮಕಕ್ಕೆ ತನ್ನ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆ ಕಡ್ಡಾಯ ಮಾಡಿತು.

ಒಎಂಬಿಯ ಇನ್ನೊಂದು ಕೆಲಸವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮಸೂದೆ ಶ್ವೇತಭವನ ತಲುಪಿದ ಮೇಲೆ ಅಧ್ಯಕ್ಷರ ಸಹಿಗೆ, ಭಾನುವಾರ ಬಿಟ್ಟು, 10 ದಿನ. ಅಷ್ಟರಲ್ಲಿ ಒಎಂಬಿ ಸಂಬಂಧಪಟ್ಟ ಇಲಾಖೆಗಳ ಲಿಖಿತ ಅಭಿಪ್ರಾಯ ತರಿಸಿ, ಸಹಿಯೋ ವೀಟೋವೋ ಎಂದು ಟಿಪ್ಪಣಿ ಕೊಡಬೇಕು. ಇಲಾಖೆಗಳಿಗೆ ಸಿಗುವುದು 48 ಗಂಟೆ ಮಾತ್ರ. ಅವು ತಡಮಾಡಿದರೆ ಅಧ್ಯಕ್ಷರಿಗೆ ಯೋಚಿಸಲು ಸಮಯವೇ ಉಳಿಯುವುದಿಲ್ಲ. ಆ 10 ದಿನ ಮುಗಿದಾಗ ಕಾಂಗ್ರೆಸ್ ಅಧಿವೇಶನ ನಡೆಯುತ್ತಿದ್ದರೆ ಸಹಿ ಇಲ್ಲದೆಯೂ ಮಸೂದೆ ಕಾನೂನಾಗುತ್ತದೆ.