ಮಾನ್ಯತೆ ಪಡೆದ ವೃತ್ತಿ ತರಬೇತಿ ಕೊಡುವವರು ಮುಖ್ಯವಾಗಿ ಏನನ್ನು ಗಮನಿಸಬೇಕು?

ಕೆಲಸ ಚೆನ್ನಾಗಿ ಬಂದರೆ ಕಲಿಸಲೂ ಬರುತ್ತದೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಮಾನ್ಯತಾ ಸಂಸ್ಥೆಗಳು ಆ ವೃತ್ತಿಯ ಈಚಿನ ಅನುಭವದ ಜೊತೆಗೆ ಕಲಿಸುವ, ಮೌಲ್ಯಮಾಪನ ಮಾಡುವ ಅರ್ಹತೆಯನ್ನೂ ಸಾಮಾನ್ಯವಾಗಿ ಕೇಳುತ್ತವೆ.

ನನ್ನ ಪ್ರಕಾರ ತರಬೇತುದಾರರು ಎಡವುವುದು ಮೌಲ್ಯಮಾಪನದಲ್ಲೇ. ಸಾಮರ್ಥ್ಯ ಆಧಾರಿತ ಕೋರ್ಸುಗಳಲ್ಲಿ ರ‍್ಯಾಂಕಿಗೆ ಬೆಲೆಯಿಲ್ಲ. ನಿಗದಿತ ಮಾನದಂಡ ಮುಟ್ಟಿದ್ದಾರೋ ಇಲ್ಲವೋ, ಅಷ್ಟೇ. ವೆಲ್ಡಿಂಗ್ ಕಲಿಯುವವರು ಒಮ್ಮೆ ಚೆಂದದ ಬೆಸುಗೆ ಹಾಕಿದರೆ ಸಾಲದು. ಬೇರೆ ಬೇರೆ ಸ್ಥಿತಿಯಲ್ಲಿ, ಸುರಕ್ಷತಾ ನಿಯಮ ಪಾಲಿಸುತ್ತಾ, ಮತ್ತೆ ಮತ್ತೆ ಮಾಡಿ ತೋರಿಸಬೇಕು. ಆ ಕೆಲಸ ಅವರದೇ ಎಂಬುದಕ್ಕೆ ಪುರಾವೆಯೂ ಬೇಕು. ನೀವು ಕಂಡದ್ದನ್ನು ಅಂದೇ ದಿನಾಂಕ ಸಹಿತ ಬರೆದಿಡಿ. ತಿಂಗಳ ಕೊನೆಗೆ ನೆನಪಿನಿಂದ ತುಂಬಿದ ಫಾರಂ ಪರಿಶೀಲಕರ ಕಣ್ಣಿಗೆ ಥಟ್ಟನೆ ಬೀಳುತ್ತದೆ!

ಕೆಲಸ ಮೊದಲೇ ಗೊತ್ತಿರುವವರಿಗೆ ಪೂರ್ವಕಲಿಕೆಯ ಮಾನ್ಯತೆ, ಅಂದರೆ ಮೊದಲೇ ಕಲಿತದ್ದನ್ನು ಪರಿಶೀಲಿಸಿ ಒಪ್ಪಿಕೊಳ್ಳುವ ವ್ಯವಸ್ಥೆ, ಸಿಗಬಹುದೇ ನೋಡಿ. ಎಲ್ಲರನ್ನೂ ಒಂದನೇ ಪಾಠಕ್ಕೇ ಕೂರಿಸಬೇಕಿಲ್ಲ.